ಹಸಿರು ತಿರುಗಿದ ಕಪ್ಪು

ಬಳ್ಳಾರಿಗೆ ಬಂದ ಮೂರನೆಯ ದಿನ ಇಲ್ಲಿನ ಕಾಲೇಜಿನ ಪ್ರಯೋಗಾಲಯದಲ್ಲಿ, ಮೈಸೂರಿನಲ್ಲಿ ಒಂದು ಗಂಟೆ ಹಿಡಿಯುತ್ತಿದ್ದ ಕೆಲಸ ನಾನು ಸೀಸೆಯ ಮುಚ್ಚಳ ತಿರುಗಿಸುವುದರೊಳಗೆ ಮುಗಿದುಹೋಯಿತು. ಬೀಕರಿನಲ್ಲಿ ಅನಿಲಿನ್ ಎಂಬ ಎಣ್ಣೆಯಂಥ ದ್ರವ, ಒಂದಿಷ್ಟು ಆಮ್ಲ, ಅದರೊಳಗೆ ಇಳಿಬಿಟ್ಟ ಗಾಜಿನ ಪಟ್ಟಿ. ಮೇಲಿನಿಂದ ಬೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಉಪ್ಪಿನ ನೀರನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಮೈಸೂರಿನಲ್ಲಾದರೆ ಬೀಕರು ನಿಧಾನವಾಗಿ ನೀಲಿಯಾಗಿ, ಆಮೇಲೆ ಹಸಿರಾಗಿ, ಗಾಜಿನ ಮೇಲೆ ತೆಳ್ಳನೆಯ ಪೊರೆಯೊಂದು ಕೂರುತ್ತಿತ್ತು. ಇಲ್ಲಿ ಮೂರನೆಯ ತೊಟ್ಟಿಗೇ ಎಲ್ಲ ಕಪ್ಪಾಯಿತು. ಬೀಕರು ಮುಟ್ಟಲಾಗದಷ್ಟು ಬಿಸಿಯಾಯಿತು. ತಳದಲ್ಲಿ ಮಸಿಯಂಥ ಕೆಸರು ನಿಂತಿತು, ಮೇಲೆತ್ತಿದ ಗಾಜು ಮಾತ್ರ ತೊಳೆದಿಟ್ಟ ಹಾಗೆ ಬೋಳಾಗಿತ್ತು. ನಾನು ನೆಲದ ಮೇಲೆ ಕೂತು ಅತ್ತೆ. ನೆಲವೂ ಸುಡುತ್ತಿತ್ತು, ಆದ್ದರಿಂದ ಎದ್ದು ನಿಂತು ಅತ್ತೆ.

ನಮ್ಮ ಕಡೆಯವರಿಗೆ ಬಿಸಿಲು ಎಂದರೆ ಚಳಿಗಾಲದ ಬೆಳಿಗ್ಗೆ ಜಗಲಿಯಲ್ಲಿ ಬೆನ್ನು ಕಾಯಿಸಿಕೊಳ್ಳುವ ಸುಖ. ಇಲ್ಲಿ ಹತ್ತು ಗಂಟೆಯ ಮೇಲೆ ಜನ ಬಿಸಿಲಿಗೆ ಬೆನ್ನು ತೋರಿಸಿ ಓಡುತ್ತಾರೆ. ಕೋಟೆಯ ಗುಡ್ಡ ಬರೀ ಬಂಡೆ, ಒಂದು ಹುಲ್ಲುಕಡ್ಡಿಯ ನೆರಳಿಲ್ಲ, ಹಗಲೆಲ್ಲ ಕುಡಿದ ಬಿಸಿಯನ್ನು ಸಂಜೆ ಊರಿನ ಮೇಲೆ ಬಿಡುತ್ತದೆ. ಆದರೂ ನನ್ನನ್ನು ಇಲ್ಲಿಗೆ ಕಳಿಸಿದ್ದು ಆ ಬಿಸಿಲಿಗಾಗಿಯೇ. ನನ್ನ ಪ್ರೊಫೆಸರರು ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಅಗ್ಗದ ಕೋಶವೊಂದನ್ನು ಮಾಡಲು ಹೊರಟಿದ್ದರು. ಎರಡು ಗಾಜಿನ ಪಟ್ಟಿಗಳು. ಒಂದರ ಮೇಲೆ ಸತುವಿನ ಬಿಳಿ ಪುಡಿ ಬಳಿದು ಅದಕ್ಕೆ ಗುಲಾಬಿ ಬಣ್ಣ ಕುಡಿಸುತ್ತೇವೆ. ಬಿಸಿಲನ್ನು ಹಿಡಿಯುವುದು ಆ ಬಣ್ಣದ ಕೆಲಸ. ನಡುವೆ ಅಯೋಡಿನ್ ನೀರು. ಎದುರಿನ ಪಟ್ಟಿ ಹೊರಗೆ ಸುತ್ತಿ ಬಂದ ವಿದ್ಯುತ್ತನ್ನು ಮತ್ತೆ ಒಳಕ್ಕೆ ತೆಗೆದುಕೊಳ್ಳಬೇಕು. ಅದಕ್ಕೆ ಎಲ್ಲರೂ ಪ್ಲಾಟಿನಮ್ ಲೇಪಿಸುತ್ತಾರೆ. ಅದು ಬಡವರ ಮನೆಯ ಮಾತಲ್ಲ. ಅನಿಲಿನ್ನಿನಿಂದ ಬರುವ ಪೊರೆಯೂ ವಿದ್ಯುತ್ತನ್ನು ಹರಿಯಬಿಡುತ್ತದೆ. ಪ್ಲಾಸ್ಟಿಕ್ಕಿನ ಜಾತಿಯ ವಸ್ತು ಹೀಗೂ ಮಾಡಬಲ್ಲದು ಎಂದು ಲೋಕಕ್ಕೆ ಗೊತ್ತಾಗಿ ಆಗಿನ್ನೂ ಹತ್ತು ವರ್ಷವಾಗಿರಲಿಲ್ಲ. ಆ ಪೊರೆಯನ್ನು ಪ್ಲಾಟಿನಮ್ಮಿನ ಜಾಗದಲ್ಲಿ ಕೂರಿಸಿ, ಬಳ್ಳಾರಿಯ ಬಿಸಿಲಲ್ಲಿ ಒಂದು ತಿಂಗಳು ನಿಲ್ಲಿಸಿ ತೋರಿಸುವುದು ನನ್ನ ಪಾಲಿಗೆ ಬಂದಿತ್ತು.

ವರ್ಷದ ಕೊನೆಗೆ ಬೆಂಗಳೂರಿನಿಂದ ಮೂವರು ಪರೀಕ್ಷಕರು ಬರುತ್ತಾರೆ, ಕೋಶ ನಡೆದರೆ ಯೋಜನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ ಎಂಬುದು ಒಪ್ಪಂದ. ಇನ್ನೊಂದು ಒಪ್ಪಂದ ನನಗೂ ನನ್ನ ಅಣ್ಣನಿಗೂ ನಡುವೆ ಇತ್ತು. ನನಗೆ ಮೂವತ್ತೊಂದು ತುಂಬಿತ್ತು. ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದ ಗುಮಾಸ್ತರೊಬ್ಬರಿಗೆ ಅಣ್ಣ ನನ್ನನ್ನು ಗೊತ್ತು ಮಾಡಿದ್ದ. ಒಂದು ವರ್ಷ ಬಿಡು, ನನ್ನ ಕಾಲ ಮೇಲೆ ನಿಲ್ಲದೆ ಹೋದರೆ ನೀನು ಹೇಳಿದ ಕಡೆ ತಲೆ ಬಗ್ಗಿಸುತ್ತೇನೆ ಎಂದು ನಾನೇ ಬಾಯಿ ಬಿಟ್ಟು ಹೇಳಿ ಬಂದಿದ್ದೆ. ಕೋಪದಲ್ಲಿ ಆಡಿದ ಮಾತು. ಆದರೆ ಅಣ್ಣ ಅದನ್ನು ಮರೆಯುವ ಪೈಕಿ ಅಲ್ಲ.

ಮನೆ ಸಿಕ್ಕಿದ ಕಥೆಯನ್ನು ಹೇಳಿದರೆ ನೀವು ನಗುತ್ತೀರಿ. ಗಾಂಧಿನಗರದಲ್ಲಿ ಐದು ಬಾಗಿಲು ತಟ್ಟಿದೆ. ಎಲ್ಲ ಕಡೆಯೂ ಮೊದಲು ಒಂದು ತಂಬಿಗೆ ನೀರು ಕೊಟ್ಟರು. "ಆಸರಾಗೇತೇನವ್ವಾ?" ಎಂದು ಕೇಳುತ್ತಿದ್ದರು. ಆಸರಿಕೆ ಎಂದರೆ ಬಾಯಾರಿಕೆ. ಇಲ್ಲಿ ಗುರುತಿಲ್ಲದವರನ್ನೂ ಅದನ್ನು ಕೇಳದೆ ಮಾತಾಡಿಸುವುದಿಲ್ಲ. ನೀರು ಕುಡಿದಾದ ಮೇಲೆ, "ಒಬ್ಬಾಕಿನ ಇರಾಕಿಯೇನು? ಗಂಡ ಎಲ್ಲದಾನ?" ಗಂಡ ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಮನೆಯಲ್ಲೇ ಆಮ್ಲ ಇಟ್ಟುಕೊಳ್ಳುತ್ತೇನೆ ಎಂದರೆ ಬಾಗಿಲೂ ಸಣ್ಣದಾಗುತ್ತಿತ್ತು.

ಆಮ್ಲಕ್ಕೆ ಹೆದರದ ಒಂದೇ ಮನೆ ಬಣ್ಣದ ಈರಪ್ಪನವರದು. ಗಾಂಧಿನಗರ ದಾಟಿ ಊರ ಅಂಚಿನ ಓಣಿ. ಮುಂದೆ ಮನೆ, ಹಿಂದೆ ನೂಲಿಗೆ ಬಣ್ಣ ಹಾಕುವ ತಗಡಿನ ಛಾವಣಿ, ಅದಕ್ಕೆ ಅಂಟಿಕೊಂಡಂತೆ ನನ್ನ ಕೋಣೆ. ಈರಪ್ಪನವರ ಮೂಲ ಊರು ಕುರುಗೋಡು. ಅಪ್ಪ, ಅಜ್ಜ ಎಲ್ಲರೂ ಬಣ್ಣಗಾರರು. ಅರವತ್ತು ದಾಟಿದ ಮನುಷ್ಯ, ಹಣೆಗೆ ವಿಭೂತಿ, ಮೊಣಕೈವರೆಗೆ ಎಂದೂ ಹೋಗದ ಕಪ್ಪು. ಅವರ ಹೆಂಡತಿ ಬಸಮ್ಮ ನನ್ನ ಸೀಸೆಗಳ ಪೆಟ್ಟಿಗೆಯನ್ನು ಬಗ್ಗಿ ನೋಡಿ, "ಏ, ಈಕಿನೂ ನಮ್ಮಂಗ ಬಣ್ಣದಾಕಿ ಬಿಡ್ರಿ," ಎಂದು ಗಂಡನಿಗೆ ಹೇಳಿದರು. ಅಷ್ಟಕ್ಕೇ ಕೋಣೆ ನನ್ನದಾಯಿತು.

ಈರಪ್ಪನವರ ಕೈ ಕಪ್ಪಾಗಿದ್ದದ್ದು ನಾನು ಬಳಸುವ ಅದೇ ಅನಿಲಿನ್ನಿನಿಂದ ಎಂಬುದು ಆಮೇಲೆ ತಿಳಿಯಿತು. ಚಂದ್ರಕಾಳಿ ಎಂಬ ಕಪ್ಪು ಸೀರೆ ನೇಯುವವರಿಗೆ, ಕೊಡೆಯ ಬಟ್ಟೆಯವರಿಗೆ ಅವರು ನೂಲು ಕಪ್ಪು ಮಾಡಿ ಕೊಡುತ್ತಿದ್ದರು. ಎಣ್ಣೆ, ಆಮ್ಲ, ಬೈಕ್ರೋಮೇಟ್, ಎಲ್ಲ ಅದೇ. ನಾನು ಗಾಜಿಗೆ ಹಾಕುವುದನ್ನು ಅವರು ನೂಲಿಗೆ ಹಾಕುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ್ದೆ, ಅವರು ನಲವತ್ತು ವರ್ಷ ಕೈ ಅದ್ದಿದ್ದರು. ಇಷ್ಟಾದರೂ ಮೊದಲ ಎರಡು ತಿಂಗಳು ನಾನು ಅವರನ್ನು ಏನೂ ಕೇಳಲಿಲ್ಲ. ಎಂ.ಎಸ್ಸಿ. ಓದಿದವಳು ಓಣಿಯ ಬಣ್ಣಗಾರನನ್ನು ಏನು ಕೇಳುವುದು?

ಆ ಎರಡು ತಿಂಗಳೂ ಒಂದೇ ಕಥೆ. ದಿನಾ ಬೀಕರು ಕಪ್ಪಾಗುತ್ತಿತ್ತು, ದಿನಾ ಗಾಜು ಬೋಳಾಗಿಯೇ ಮೇಲೆ ಬರುತ್ತಿತ್ತು. ಬೇಸಿಗೆ ರಜೆಯಲ್ಲಿ ಕಾಲೇಜಿನವರು ಪ್ರಯೋಗಾಲಯಕ್ಕೆ ಬೀಗ ಹಾಕಿದರು, ಎಲ್ಲವನ್ನೂ ಕೋಣೆಗೆ ಹೊತ್ತು ತಂದೆ. ನಲ್ಲಿಯ ನೀರು ಬರುವ ದಿನ ಓಣಿಯೆಲ್ಲ ಕೊಡಗಳ ಸಾಲು, ಬಾರದ ದಿನ ಬಾವಿಯ ಸವಳು ನೀರು. ಸವಳು ಎಂದರೆ ಉಪ್ಪುಪ್ಪು, ಆ ನೀರಿನಲ್ಲಿ ಕಾಫಿ ಮಾಡಿದರೆ ಹಾಲು ಒಡೆಯುತ್ತದೆ. ಕಾಫಿ ಬಿಟ್ಟೆ. ತರಕಾರಿಯವಳು ತೆಲುಗಿನಲ್ಲಿ ಬೆಲೆ ಹೇಳುತ್ತಿದ್ದಳು, ನಾನು ಬೆರಳು ತೋರಿಸಿ ಕೊಳ್ಳುತ್ತಿದ್ದೆ. ಭಾನುವಾರ ಬಂದರೆ ಯಾರೊಡನೆಯೂ ಆಡಲು ಮಾತಿರಲಿಲ್ಲ. ಅಣ್ಣನ ಇನ್‌ಲ್ಯಾಂಡ್ ಪತ್ರ ಮಾತ್ರ ತಪ್ಪದೆ ಬರುತ್ತಿತ್ತು. ಕೊನೆಯ ಸಾಲಿನಲ್ಲಿ ಯಾವಾಗಲೂ, "ಅವರು ಕೇಳುತ್ತಿದ್ದಾರೆ." ಅದನ್ನು ಓದಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಬಸಮ್ಮನಿಗೆ ಊಟ ಬಿಟ್ಟವರನ್ನು ಕಂಡರೆ ಆಗದು. ಒಂದು ಬೆಳಿಗ್ಗೆ ವಗ್ಗಾಣಿ ತಟ್ಟೆ ಹಿಡಿದು ಬಂದರು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟ ತಿಂಡಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನಮ್ಮ ಇಡ್ಲಿಯ ನಾಲಿಗೆಗೆ ಆ ಬಜ್ಜಿ ಬೆಂಕಿ. ಕಣ್ಣಲ್ಲಿ ನೀರು ಬಂತು. ಬಂದ ನೀರು ನಿಲ್ಲಲೇ ಇಲ್ಲ.

"ಖಾರಕ್ಕ ಅಳಾಕತ್ತೀಯೋ, ಮತ್ತೊಂದಕ್ಕ ಅಳಾಕತ್ತೀಯೋ?" ಎಂದರು ಬಸಮ್ಮ.

"ಎರಡಕ್ಕೂ," ಎಂದೆ. ಎಲ್ಲವನ್ನೂ ಹೇಳಿದೆ. ಅಣ್ಣ, ಗುಮಾಸ್ತರು, ಬೋಳು ಗಾಜು.

ಸಂಜೆ ಈರಪ್ಪನವರು ಬಾಗಿಲ ಹೊರಗೇ ನಿಂತು ಕೆಮ್ಮಿದರು. "ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಕರಿ ಬಣ್ಣ ಹೊತ್ತೇರಿದ ಮ್ಯಾಲೆ ಕುಂಡ್ರಂಗಿಲ್ರಿ. ಸಿಟ್ಟಿಗೇಳ್ತೈತಿ. ನಾನು ಕೋಳಿ ಕೂಗೂದ್ರಾಗ ನೂಲು ಅದ್ದಿ ಮುಗಿಸ್ತೀನಿ. ಬಣ್ಣದ ಬಾನಿ ಮಣ್ಣಾಗ ಹುಗದಿರ್ತೀನಿ, ಸುತ್ತ ಹಸಿ ಗೋಣಿಚೀಲ."

"ತಣ್ಣಗಿರಬೇಕು ಅಂತೀರಾ?"

"ತಣ್ಣಗ ಅಂದ್ರ ಕೈ ಇಟ್ರ ಕೈ ಮರಗಟ್ಟಬೇಕ್ರಿ. ಅವಾಗ ಅದು ಸಾವಕಾಶ ಕುಂಡರತೈತಿ."

ಇಷ್ಟೇ ವಿಷಯ. ಐಸ್ ಬೇಕೆಂದು ಪುಸ್ತಕವೂ ಹೇಳಿತ್ತು, ಆದರೆ ತಂದ ಐಸು ಕಾರ್ಖಾನೆಯಿಂದ ಓಣಿಗೆ ಬರುವಷ್ಟರಲ್ಲಿ ನೀರಾಗುತ್ತಿತ್ತು. ಅದಕ್ಕೂ ಬಸಮ್ಮನೇ ದಾರಿ ಹೇಳಿದರು. ಅವರ ತಮ್ಮ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದ. ಈರಪ್ಪನವರೂ ನಾನೂ ಬಸ್ಸು ಹತ್ತಿ ಹೋದೆವು. ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಕಾಲುವೆಯ ನೀರು, ಇಕ್ಕೆಲಕ್ಕೂ ಭತ್ತದ ಗದ್ದೆ. ಇಷ್ಟು ತಿಂಗಳ ಬಂಡೆ, ಧೂಳಿನ ಮೇಲೆ ಆ ಹಸಿರು ಕಂಡು ನಾನು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಎರಡು ಚೀಲ ಭತ್ತದ ಹೊಟ್ಟು ತಂದೆವು. ಹೊಟ್ಟಿನಲ್ಲಿ ಹೂತಿಟ್ಟ ಐಸು ಎರಡು ದಿನ ಉಳಿಯಿತು. ಬೆಳಗಿನ ಜಾವ ಎದ್ದು, ಮಣ್ಣಿನ ಬಾನಿಯೊಳಗೆ ಐಸು, ಐಸಿನೊಳಗೆ ಬೀಕರು. ಬೀಕರು ನೀಲಿಯಾಯಿತು. ಆಮೇಲೆ ಹಸಿರಾಯಿತು. ಮೇಲೆತ್ತಿದ ಗಾಜಿನ ಮೇಲೆ ದಟ್ಟ ಹಸಿರು ಪೊರೆ, ಉಜ್ಜಿದರೂ ಬಾರದಂತೆ ಕೂತಿತ್ತು. ಕೋಶ ಕಟ್ಟಿ ಬಿಸಿಲಿಗಿಟ್ಟಾಗ ಮೀಟರಿನ ಮುಳ್ಳು ಎದ್ದಿತು. ನಾನು ಚೀರಿದ ಚೀರಿಗೆ ಬಸಮ್ಮ ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು.

ಆಮೇಲಿನ ದಿನಗಳು ಒಳ್ಳೆಯವು. ಚಳಿಗಾಲವೂ ಬಂತು. ಜೋಳದ ರೊಟ್ಟಿ ಬಡಿಯುವುದನ್ನು ಕಲಿತೆ, ಎಂಟಕ್ಕೆ ಒಂದು ದುಂಡಗೆ ಬರುತ್ತಿತ್ತು. ತರಕಾರಿಯವಳ ಜೊತೆ ತೆಲುಗಿನಲ್ಲೇ ಜಗಳವಾಡಿದೆ, ಗೆದ್ದೆ. ಎಂಟು ಒಳ್ಳೆಯ ಪಟ್ಟಿಗಳನ್ನು ಮಾಡಿ ಕೋಣೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಅವುಗಳಿಂದ ಕಟ್ಟಿದ ಕೋಶಗಳನ್ನು ಒಂದೊಂದಾಗಿ ಬಿಸಿಲಿಗಿಟ್ಟು, ಬಿಚ್ಚಿ, ಮತ್ತೆ ಕಟ್ಟಿ ನೋಡುತ್ತಿದ್ದೆ. ಎದ್ದ ಮುಳ್ಳು ಎದ್ದಲ್ಲೇ ನಿಲ್ಲುತ್ತಿತ್ತು. ಅಣ್ಣನಿಗೆ ಬರೆದೆ, ಬಳ್ಳಾರಿ ನನ್ನ ಊರಾಯಿತು, ಆ ಗುಮಾಸ್ತರಿಗೆ ಬೇರೆ ಹುಡುಗಿಯನ್ನು ನೋಡು ಎಂದು.

ಒಂದು ದಿನ ಈರಪ್ಪನವರು ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಪಟ್ಟಿಯೊಂದನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರು.

"ಮೇಡಂ, ಇದು ಹಸರ ಹೊಡ್ಯಾಕತ್ತೈತಲ್ರಿ."

"ಹೌದು, ಇರಲಿ ಬಿಡಿ."

"ಹಂಗಂದ್ರ ಹ್ಯಾಂಗ್ರಿ? ನಮ್ಮ ಅಪ್ಪ ಹಸರ ತಿರುಗಿದ ನೂಲನ್ನ ಸುಟ್ಟು ಹಾಕ್ತಿದ್ದ. ಗಿರಾಕಿ ಮುಂದ ಇಡ್ತಿದ್ದಿಲ್ಲ."

"ಇದು ಬೇರೆ ವಿಷಯ ಈರಪ್ಪನವರೇ, ನಿಮಗೆ ಹೇಳಿದರೆ ಅರ್ಥವಾಗಲ್ಲ," ಎಂದೆ. ನಗುತ್ತಲೇ ಎಂದೆ. ನನಗೆ ಪತ್ರ ಬರೆಯುವ ಅವಸರವಿತ್ತು. ಅವರೂ ನಕ್ಕು, ಪಟ್ಟಿಯನ್ನು ಇದ್ದಲ್ಲೇ ಇಟ್ಟು ಹೋದರು.

ಪರೀಕ್ಷಕರು ಬರುವ ಹಿಂದಿನ ದಿನ ಕುರುಗೋಡಿನಲ್ಲಿ ಬಸಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ. ನಾನು ಬರುವುದಿಲ್ಲ ಎಂದೆ. "ಮನೀ ಮಗಳು ಬಿಟ್ಟು ತೊಟ್ಲಾ ಹ್ಯಾಂಗ ತೂಗೂದು? ಸಂಜಿಕೆ ಬಂದು ಬಿಡೂಣ," ಎಂದು ಬಸಮ್ಮ ನನ್ನ ಕೈಗೆ ಬಳೆ ಏರಿಸಿದರು. ಮನೆಯ ಮಗಳು ಎಂದವರು ಆ ಊರಿನಲ್ಲಿ ಅವರೊಬ್ಬರೇ. ಹೋದೆ. ಈರಪ್ಪನವರು, ತುರ್ತು ನೂಲಿನ ಕೆಲಸವಿದೆಯೆಂದು ಉಳಿದರು. ಕುರುಗೋಡಿನಲ್ಲಿ ಹೆಂಗಸರು ನನ್ನ ಸುತ್ತ ಕೂತು ಮೈಸೂರಿನ ಮಾತು ಆಡಿಸಿ ಆಡಿಸಿ ನಕ್ಕರು. ತೊಟ್ಟಿಲು ತೂಗಿದೆ, ಎಲ್ಲರ ಜೊತೆ ಗೋಧಿ, ಬೆಲ್ಲದ ಮಾದಲಿ ತಿಂದೆ. ಅಷ್ಟು ಸಂತೋಷದ ದಿನ ಆ ವರ್ಷದಲ್ಲಿ ಇನ್ನೊಂದಿರಲಿಲ್ಲ. ಸಂಜೆ ಮಬ್ಬಿನಲ್ಲಿ ಬಂದವಳು ಹಲಗೆಯ ಮೇಲೆ ಎಂಟೂ ಪಟ್ಟಿಗಳು ಸಾಲಾಗಿರುವುದನ್ನು ನೋಡಿ ನೆಮ್ಮದಿಯಿಂದ ಮಲಗಿದೆ.

ಮರುದಿನ ಹನ್ನೊಂದಕ್ಕೆ ಕಾಲೇಜಿನ ಅಂಗಳದಲ್ಲಿ ಮೇಜು ಹಾಕಿದ್ದರು. ಮೂವರು ಪರೀಕ್ಷಕರು, ಮೈಸೂರಿನಿಂದ ಬಂದ ನನ್ನ ಪ್ರೊಫೆಸರರು, ತೊಳೆದ ಪಂಚೆ, ರುಮಾಲಿನಲ್ಲಿ ಈರಪ್ಪನವರು. ನೋಡಲು ಬರಬೇಕೆಂದು ನಾನೇ ಕರೆದಿದ್ದೆ. ನಸುಕಿನ ಕತ್ತಲಲ್ಲೇ ಸುತ್ತಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟೆ. ಹಸಿರಿನ ಸುಳಿವೇ ಇರಲಿಲ್ಲ. ಎಂಟೂ ನೀಲಿಗಪ್ಪು. ಕೋಶ ಕಟ್ಟಿದೆ, ಬಿಸಿಲಿಗಿಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಎರಡನೆಯದು ಕಟ್ಟಿದೆ. ಮೂರನೆಯದು.

"ಹಸರ ಒಂದೀಟೂ ಇಲ್ಲ ನೋಡ್ರಿ ಸಾಹೇಬ್ರ," ಎಂದರು ಹಿಂದಿನಿಂದ ಈರಪ್ಪನವರು, ಸಂಕೋಚವೂ ಹೆಮ್ಮೆಯೂ ಬೆರೆತ ದನಿಯಲ್ಲಿ. "ನಿನ್ನೆ ನಾನ ಕುಂತು ಮತ್ತೊಂದ ಸಲ ಬೈಕ್ರೋಮೇಟ್ ಕುಡಿಸಿ, ಸೋಡಾ ಸಾಬೂನಿನ ನೀರಾಗ ಕುದಿಸೀನಿ. ಇನ್ನ ನೂರು ವರ್ಷ ಹಸರ ತಿರುಗಂಗಿಲ್ಲ. ದೊಡ್ಡ ಮಂದಿ ಮುಂದ ನಮ್ಮ ಮೇಡಮ್ಮನ ಮಾನ ಹೋಗಬಾರ್ದಲ್ರಿ."

ಬಣ್ಣಗಾರನಿಗೆ ಹಸಿರು ಕಳಂಕ. ನನಗೆ ಆ ಹಸಿರೇ ಎಲ್ಲ. ಪೊರೆ ಹಸಿರಾಗಿರುವವರೆಗೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ, ಸೋಡಾ ಕುಡಿಸಿ ಅದನ್ನು ಕಪ್ಪಾಗಿಸಿದರೆ ಹರಿಯುವುದು ನಿಲ್ಲುತ್ತದೆ. ಒಂದೇ ಒಂದು ಮಾತಿನಲ್ಲಿ ಹೇಳಬಹುದಾದ ವಿಷಯ.

"ಹಾಳು ಮಾಡಿಬಿಟ್ಟೆಯಲ್ಲಯ್ಯಾ!" ಎಂದು ಕಿರುಚಿದೆ. "ನಿನಗ್ಯಾರು ಮುಟ್ಟು ಅಂದ್ರು? ಬಟ್ಟೆಗೆ ಬಣ್ಣ ಹಾಕೋನಿಗೆ ಇದರ ಉಸಾಬರಿ ಯಾಕೆ ಬೇಕಿತ್ತು?"

ಅರವತ್ತು ದಾಟಿದವರನ್ನು, ನನ್ನ ತಂದೆಯ ವಯಸ್ಸಿನವರನ್ನು, ನಾಲ್ಕು ಜನರ ಎದುರು ಏಕವಚನದಲ್ಲಿ ಕರೆದಿದ್ದೆ. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆ ನಡೆದರು. ನಾನು ತಿರುಗಿ ನೋಡಲಿಲ್ಲ. ಪಟ್ಟಿಯೊಂದನ್ನು ಆಮ್ಲಕ್ಕೆ ಅದ್ದಿದೆ. ಸೋಡಾದಿಂದ ಮಾತ್ರ ಕೆಟ್ಟಿದ್ದರೆ ಆಮ್ಲಕ್ಕೆ ಹಸಿರು ಮರಳುತ್ತದೆ. ಅಂಚಿನಲ್ಲಿ ಸ್ವಲ್ಪ ಹಸಿರು ಬಂತು ಕೂಡ, ಮುಳ್ಳು ಒಂದು ಸಲ ನಡುಗಿತು. ಆದರೆ ಈರಪ್ಪನವರು ಕೆಲಸವನ್ನು ಅರೆಬರೆ ಮಾಡುವವರಲ್ಲ. ಕುದಿಸಿದ ಪೊರೆ ಸಡಿಲವಾಗಿ ನನ್ನ ಕಣ್ಣೆದುರೇ ಸಿಪ್ಪೆಯಂತೆ ಕಳಚಿತು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಹಿಂದಿನ ದಿನದವರೆಗೆ ನಡೆಯುತ್ತಿತ್ತು ಎಂದು ನಾನು ಅಂಗಲಾಚಿದೆ. "ನಾವು ನೋಡಿದ್ದನ್ನಷ್ಟೇ ಬರೆಯೋಕಾಗೋದಮ್ಮ," ಎಂದರು ಅವರಲ್ಲಿ ಹಿರಿಯರು. ಕೆಟ್ಟವರೇನಲ್ಲ. ಯೋಜನೆ ಮುಚ್ಚಿತು.

ಅಂದು ಬಸಮ್ಮ ಊಟವನ್ನು ಹೊಸ್ತಿಲ ಹೊರಗೇ ಇಟ್ಟು ಹೋದರು. ವಾರದಲ್ಲಿ ನನ್ನ ಕೆಲಸ ಮುಗಿಯಿತೆಂದು ಪ್ರೊಫೆಸರರ ಪತ್ರ ಬಂತು, ಅದರ ಬೆನ್ನಿಗೆ ಅಣ್ಣನದು. ಅವನಿಗೆ ಹೇಗೋ ಸುದ್ದಿ ಮುಟ್ಟಿತ್ತು. ಒಂದನೆಯ ತಾರೀಕು ಬಂದು ಕರೆದೊಯ್ಯುತ್ತೇನೆ, ಅವರು ಇನ್ನೂ ಕಾಯುತ್ತಿದ್ದಾರೆ ಎಂದು ಬರೆದಿದ್ದ. ನಾನು ನಾಲ್ಕು ದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಸೀಸೆಗಳಲ್ಲಿ ಏನೇನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಲವನ್ನು ಮತ್ತೆ ಮತ್ತೆ ನೋಡಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಐದನೆಯ ದಿನ ಬಸಮ್ಮನ ತಮ್ಮ ಬಂದ. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಬೇಕಾಗಿದ್ದಾರೆ, ಮಾತಾಡಿ ಬಂದಿದ್ದೇನೆ ಎಂದ. ಅವನನ್ನು ಮಾತಾಡಲು ಕಳಿಸಿದವರು ಯಾರೆಂದು ನಾನು ಕೇಳಲಿಲ್ಲ. ಆ ಓಣಿಯಲ್ಲಿ ಹಾಗೆ ಕಳಿಸಬಲ್ಲವರು ಈರಪ್ಪನವರೊಬ್ಬರೇ. ಅಣ್ಣನಿಗೆ ಬರಬೇಡವೆಂದು ತಂತಿ ಕೊಟ್ಟೆ.

ಹೊರಡುವ ದಿನ ಬೆಳಿಗ್ಗೆ ಈರಪ್ಪನವರು ಬಾಗಿಲ ಹೊರಗೆ ನಿಂತರು. ಕೆಮ್ಮಲಿಲ್ಲ. "ಒಂದು ಕೇಳ್ತೀನ್ರಿ. ಆ ಹಸರ ಯಾಕ ಬೇಕಿತ್ರಿ?"

ನನ್ನ ಹತ್ತಿರ ಒಂದು ಪಟ್ಟಿಯಿತ್ತು. ಹಿಂದಿನ ದಿನ ಕೈ ಸುಮ್ಮನಿರಲಾರದೆ ಮಾಡಿದ್ದು. ಅದರ ಅರ್ಧವನ್ನು ಸೋಡಾಕ್ಕೆ ಅದ್ದಿ ಕಪ್ಪು ಮಾಡಿದೆ, ಅರ್ಧ ಹಸಿರು ಉಳಿಸಿದೆ. ಮೀಟರಿನ ತಂತಿಗಳನ್ನು ಅವರ ಕೈಗೇ ಕೊಟ್ಟೆ. ಕಪ್ಪಿನ ಮೇಲೆ ಒತ್ತಿದರು, ಮುಳ್ಳು ಮಲಗಿತ್ತು. ಹಸಿರಿನ ಮೇಲೆ ಒತ್ತಿದರು, ಎದ್ದಿತು. ಮತ್ತೆ ಕಪ್ಪು, ಮತ್ತೆ ಹಸಿರು. ಅವರಿಗೆ ಎಲ್ಲ ತಿಳಿಯಲು ವೀಳ್ಯ ಹಾಕುವಷ್ಟು ಹೊತ್ತೂ ಬೇಕಾಗಲಿಲ್ಲ.

"ಇಷ್ಟ ಏನ್ರಿ?" ಎಂದರು. ತಂತಿಗಳನ್ನು ಮೆಲ್ಲಗೆ ಕೆಳಗಿಟ್ಟರು. "ಹಂಗಾದ್ರ ಇಷ್ಟ ದಿನ ನಮ್ಮ ಮನ್ಯಾಗ ಇದ್ದು ನೀವು ನಮ್ಮ ಕೂಡ ಮಾತ ಆಡಿಲ್ಲಲ್ರಿ, ಮೇಡಂ."

ನನ್ನ ಟ್ರಂಕನ್ನು ಅವರೇ ಬಸ್ಸಿನ ಮೇಲೆ ಏರಿಸಿದರು.

ಸಿರುಗುಪ್ಪಕ್ಕೆ ಬಂದು ಎರಡು ವರ್ಷವಾಯಿತು. ಕಾಲುವೆಯ ಸಿಹಿನೀರಿದೆ, ಕಾಫಿ ಮತ್ತೆ ಶುರುವಾಗಿದೆ. ಹುಡುಗಿಯರು ನನ್ನ ಮೈಸೂರಿನ ಮಾತನ್ನು ಅಣಕಿಸಿ, ನಾನು ತಿರುಗಿದಾಗ ಸುಮ್ಮನಾಗುತ್ತಾರೆ. ಅಣ್ಣ ಪತ್ರ ಬರೆಯುವುದನ್ನು ಕಡಿಮೆ ಮಾಡಿದ್ದಾನೆ. ಮನೆಗೆ ಯಾವಾಗ ಬರುತ್ತೀ ಎಂದು ಕೇಳಿದಾಗ, ಇಲ್ಲೇ ನನ್ನ ಮನೆ ಎಂದು ಉತ್ತರಿಸುತ್ತೇನೆ. ಹಟಕ್ಕೆ ಬರೆದ ಮಾತೆಂದು ಅವನಿಗೂ ಗೊತ್ತು.

ಶಾಲೆಯ ಕೆಲಸಕ್ಕೆಂದು ಬಳ್ಳಾರಿಗೆ ಹೋದಾಗ ಮೂರು ಸಲ ಆ ಓಣಿಯ ತಿರುವಿನವರೆಗೆ ನಡೆದಿದ್ದೇನೆ. ಎರಡು ಸಲ ಯಾರೂ ನೋಡಲಿಲ್ಲ, ವಾಪಸ್ಸು ಬಂದೆ. ಕಳೆದ ತಿಂಗಳು ನಲ್ಲಿಯ ಸಾಲಿನಲ್ಲಿದ್ದ ಬಸಮ್ಮ ನೋಡಿಬಿಟ್ಟರು.

"ಯಾಕ ಅಲ್ಲೇ ನಿಂತಿ? ಒಳಗ ಬಾರವ್ವಾ. ಅವ್ರೂ ಅದಾರ."

"ಬಸ್ಸಿಗೆ ಹೊತ್ತಾಯ್ತು ಬಸಮ್ಮಾ," ಎಂದೆ.

ಬಸ್ ನಿಲ್ದಾಣಕ್ಕೆ ಬಂದು, ಸಿರುಗುಪ್ಪದ ಬಸ್ಸು ಬರುವವರೆಗೆ ಎರಡು ಗಂಟೆ ಅಲ್ಲೇ ಕೂತಿದ್ದೆ.